ಕಿಡ್ನಿ ಆಪರೇಷನ್ ಆಗುವವನಿಗೆ, ತೂಕದ ವಿಚಾರವಾಗಿ

ತಮ್ಮಾ, ಕಿಡ್ನಿಯ ಗಡ್ಡೆಗೆ ಆಪರೇಷನ್ ಎಂದ ಕೂಡಲೇ ಬಂದವರೆಲ್ಲ ನಿನ್ನ ಮೈ ನೋಡಿ ಒಂದೊಂದು ಹೇಳಿರುತ್ತಾರೆ. ನನ್ನದನ್ನೂ ಕೇಳು. ಇದು ನಿನ್ನ ಡಾಕ್ಟರ ಮಾತಿಗೆ ಅಡ್ಡ ಬಂದರೆ ನಡೆಯಬೇಕಾದ್ದು ಅವರ ಮಾತೇ.

• "ದಪ್ಪಗಿರುವವರೇ ಹೆಚ್ಚು ದಿನ ಬಾಳುತ್ತಾರಂತೆ" ಅನ್ನುವುದು ಪೂರ್ತಿ ಸುಳ್ಳಲ್ಲ, ಅದೇ ತೊಡಕು. ಬೊಜ್ಜು, ಸಿಗರೇಟು, ಬಿಪಿ ಈ ಮೂರೂ ಕಿಡ್ನಿ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತವೆ. ಆದರೂ ಆಪರೇಷನ್ ಆದವರ ಹಲವು ಅಧ್ಯಯನಗಳಲ್ಲಿ ತೂಕದವರೇ ತೆಳ್ಳಗಿನವರಿಗಿಂತ ಚೆನ್ನಾಗಿ ಬದುಕಿದ್ದು ಕಂಡಿತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನವರು 2013ರಲ್ಲಿ ಇದನ್ನು ಕೆದಕಿದಾಗ, ಬೊಜ್ಜಿನವರಲ್ಲಿ ಗಡ್ಡೆ ಮುಂದುವರಿದ ಹಂತದಲ್ಲಿ ಸಿಕ್ಕಿದ್ದು ಕಡಿಮೆ ಎಂದು ತಿಳಿಯಿತು. ಹಂತವನ್ನೂ ಗಡ್ಡೆಯ ಉಗ್ರತೆಯನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ತೂಕದ ಲಾಭ ಉಳಿಯಲಿಲ್ಲ. ಇನ್ನೊಂದು, ತೆಳ್ಳಗಿನವರ ಗುಂಪಿನಲ್ಲಿ ರೋಗವೇ ಇಳಿಸಿದವರೂ ಸೇರಿರುತ್ತಾರೆ. ಹಾಗಾಗಿ ತುಪ್ಪ ಸುರಿದುಕೊಂಡು ಮೈ ಬೆಳೆಸಲು ಹೋಗಬೇಡ.

• ಹಾಗಂತ ಆಪರೇಷನ್ನಿಗೆ ಮುಂಚೆ ಉಪವಾಸವನ್ನೂ ಹಿಡಿಯಬೇಡ. ಹೊಟ್ಟೆಯ ಕೊಬ್ಬು ಹೆಚ್ಚಿದ್ದರೆ ಸರ್ಜನ್ನರಿಗೆ ಹೊತ್ತು ಹಿಡಿಯುತ್ತದೆ, ಗಾಯ ಕೀವಾಗುವ, ಮುಂದೆ ಹರ್ನಿಯಾ ಆಗುವ ಭಯವೂ ಜಾಸ್ತಿ, ನಿಜ. ಆದರೆ ಇರುವ ಕೆಲವೇ ವಾರಗಳಲ್ಲಿ ಪಟ್ಟು ಹಿಡಿದು ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಆ ವಾರಗಳಲ್ಲಿ ನಡೆ, ಸಿಗರೇಟು ಬಿಡು, ಸಾಕು.

• ಗಡ್ಡೆ 4 ಸೆಂ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಅದನ್ನಷ್ಟೇ ತೆಗೆದು ಉಳಿದ ಕಿಡ್ನಿಯನ್ನು ಉಳಿಸಲು ನೋಡುತ್ತಾರೆ. ಬಾಯಿಬಿಟ್ಟು ಕೇಳು.

• ಆದ ಮೇಲೆ, ಎಬ್ಬಿಸಿ ನಡೆಸಿದಾಗ ನಡೆ. ಕಾಲಿನ ರಕ್ತ ಹೆಪ್ಪುಗಟ್ಟಬಾರದು. ಸುಮಾರು ಆರು ವಾರ ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಮೊಮ್ಮಗು ಯಾವುದನ್ನೂ ಎತ್ತಬೇಡ. ಮೊಮ್ಮಗು ತೊಡೆಯ ಮೇಲೆ ಬಂದು ಕೂತರೆ ಕೂರಲಿ.

• ತಕ್ಕಡಿಯ ಅಂಕಿಗಿಂತ ಅದು ಯಾವ ಕಡೆ ಸರಿಯುತ್ತಿದೆ ನೋಡು. ಬೇಕೆಂದು, ನಿಧಾನವಾಗಿ ಇಳಿಸಿದ್ದಕ್ಕೆ ಹೆದರಬೇಕಿಲ್ಲ. ಏನೂ ಮಾಡದೆ ಆರು ತಿಂಗಳಲ್ಲಿ ನೂರಕ್ಕೆ 5ರಷ್ಟು, ಅಂದರೆ 70 ಕೆಜಿಯವನಿಗೆ ಮೂರೂವರೆ ಕೆಜಿ, ಇಳಿದರೆ "ಶುಗರ್ ಇರಬೇಕು" ಅಂತ ಮನೆಯಲ್ಲೇ ತೀರ್ಪು ಕೊಡದೆ ಡಾಕ್ಟರಿಗೆ ಹೇಳು. ನಾಲ್ಕೇ ದಿನದಲ್ಲಿ ತೂಕ ಏರಿ ಪಾದ ಊದಿದರೆ ಅದು ನೀರು, ಆಗಲೂ ಹೋಗು.

• ದಪ್ಪ ಮೈಯೊಳಗೂ ಮಾಂಸಖಂಡ ಸೊರಗಿರಬಹುದು. ಮಾಂಸಖಂಡ ಸೊರಗಿದವರಿಗೆ ಕಿಡ್ನಿ ಕ್ಯಾನ್ಸರ್ ಆಪರೇಷನ್ನಿನ ನಂತರದ ಬದುಕು ಕಷ್ಟ ಎಂದು ಮೇಯೋ ಕ್ಲಿನಿಕ್ ವೈದ್ಯರು ಹಳೆಯ ಸಿಟಿ ಸ್ಕ್ಯಾನ್‌ಗಳನ್ನು ಅಳೆದು ತೋರಿಸಿದ್ದಾರೆ. ಇನ್ನೊಂದು ಮೋಸವಿದೆ: ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡದಿಂದ. ಕೈಕಾಲು ಸಣ್ಣಗಾದವನ ರಿಪೋರ್ಟು, ಕಿಡ್ನಿ ಸೋತಿದ್ದರೂ, ಚೆನ್ನಾಗಿ ಕಾಣಬಹುದು. ಕುರ್ಚಿಯಿಂದ ಕೈ ಊರದೆ ಏಳುವುದನ್ನು ರೂಢಿ ಮಾಡಿಕೋ. ಬೇಳೆ, ಮೊಸರು, ಮೊಟ್ಟೆ ಹದವಾಗಿ ಇರಲಿ. ಪ್ರೋಟೀನ್ ಪುಡಿಯ ಡಬ್ಬಿ ಯಾರು ತಂದುಕೊಟ್ಟರೂ ಕೇಳದೆ ತೆರೆಯಬೇಡ.

• ನಮ್ಮ ಮೈಗೆ ಬಿಎಂಐ 23 ದಾಟಿದರೆ ಹೆಚ್ಚು, 25 ಆದರೆ ಬೊಜ್ಜು. ಗಂಡಸಿಗೆ ಸೊಂಟ 90, ಹೆಂಗಸಿಗೆ 80 ಸೆಂ.ಮೀ. ಮೀರದಿರಲಿ. ಗಾಯ ಮಾಗಿ ಊಟ ಸೇರತೊಡಗಿದ ಮೇಲೆ, ಡಾಕ್ಟರನ್ನು ಕೇಳಿ ಇಳಿಸಲು ಶುರು ಮಾಡು. ಒಂದನ್ನು ಪೂರ್ತಿ ತೆಗೆದಿದ್ದರೆ ಉಳಿದ ಕಿಡ್ನಿ ಇಬ್ಬರ ಕೆಲಸ ಮಾಡುತ್ತಿರುತ್ತದೆ. ಬೊಜ್ಜು, ಬಿಪಿ, ಶುಗರ್ ಅದನ್ನು ಇನ್ನಷ್ಟು ದುಡಿಸುತ್ತವೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಕಡಿಮೆ ಮಾಡು. ಆದರೆ ನಮ್ಮ ಮನೆಗಳಲ್ಲಿ ಉಪ್ಪು ಹೆಚ್ಚಾಗಿ ಒಳಹೋಗುವುದು ಅಡುಗೆಗೆ ಹಾಕುವ ಉಪ್ಪಿನಿಂದಲೇ, ಅದನ್ನೂ ಇಳಿಸು. ರಕ್ತದ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದೂ ಪರೀಕ್ಷೆ ಮಾಡಿಸು.

• ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡ. ಈಶ್ವರಿ ಬೇರಿನ ಕಷಾಯವಂತೂ ಬೇಡವೇ ಬೇಡ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ.

• ತೂಕ ಹಿಡಿತಕ್ಕೆ ಬಂತು, ಮೈ ಹಗುರಾಯಿತು ಅಂತ ಸ್ಕ್ಯಾನಿಂಗ್ ತಪ್ಪಿಸಬೇಡ. ಈ ರೋಗ ಮರಳಿದರೆ ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು, ಆದರೆ ಐದು ವರ್ಷ ಕಳೆದ ಮೇಲೆ ಶ್ವಾಸಕೋಶದಲ್ಲೋ ಮೂಳೆಯಲ್ಲೋ ಕಾಣಿಸಿಕೊಂಡದ್ದೂ ಉಂಟು. ಹೋಗುವಾಗ ತೂಕ ಬರೆದಿಟ್ಟ ಪುಸ್ತಕ, ಹಳೆಯ ಫಿಲ್ಮು ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗು.