ತೋಟದ ಮನೆಯ ವೈಫೈಗೂ ಬೇಲಿ ಬೇಕು

ಕವಿ ರನ್ನನ ಹೆಸರು ಹೊತ್ತ ರನ್ನ ಬೆಳಗಲಿ ಮತ್ತು ಸುತ್ತಲಿನ ಮುಧೋಳ, ಜಮಖಂಡಿ ಭಾಗಗಳಲ್ಲಿ ಕಬ್ಬು ಮುಖ್ಯ ಬೆಳೆ. ಕಬ್ಬಿನ ಬಿಲ್ಲು ಈಗ ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಅದರ ಸುದ್ದಿ ಬರುವುದು ಮೊಬೈಲಿಗೆ. ಪಡಸಾಲೆಯಲ್ಲಿ ವೈಫೈ ಪೆಟ್ಟಿಗೆ, ದನದ ಕೊಟ್ಟಿಗೆಗೆ ಕ್ಯಾಮೆರಾ, ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಬಂದಿರುವ ಮನೆಗಳೂ ಇವೆ. ಹೊಲಕ್ಕೆ ಬೇಲಿ ಹಾಕುವ ರೈತನು ಇವುಗಳಿಗೂ ಬೇಲಿ ಹಾಕುವುದು ಅವಶ್ಯ.

ವೈಫೈ ಪೆಟ್ಟಿಗೆಗೆ, ಅಂದರೆ ರೂಟರಿಗೆ, ಎರಡು ಬೀಗಗಳಿರುತ್ತವೆ. ಒಂದು, ಮೊಬೈಲ್ ಜೋಡಿಸಲು ಬೇಕಾದ ಪಾಸ್‌ವರ್ಡ್. ಇನ್ನೊಂದು, ಪೆಟ್ಟಿಗೆಯ ವ್ಯವಸ್ಥೆಯನ್ನೇ ಬದಲಿಸುವ ಪಾಸ್‌ವರ್ಡ್. ಮೊದಲನೆಯದನ್ನು ಎಲ್ಲರೂ ಬಲ್ಲರು, ಎರಡನೆಯದು ಕಾರ್ಖಾನೆಯಿಂದ ಬಂದಂತೆಯೇ ಉಳಿದುಬಿಡುತ್ತದೆ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಇಂಥ ಸುಮಾರು 60 ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿಯನ್ನಷ್ಟೇ ಹಿಡಿದು, ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡಿತು. ಮನೆಯವರಿಗೆ ಅದರ ಸುಳಿವೂ ಸಿಗಲಿಲ್ಲ. ಆದ್ದರಿಂದ ಸಂಪರ್ಕ ಕೊಡಲು ಬಂದ ಲೈನ್‌ಮನ್ ಹೊರಡುವ ಮೊದಲೇ ಎರಡನ್ನೂ ಅವನ ಎದುರಿಗೆ ಬದಲಿಸಿಕೊಳ್ಳತಕ್ಕದ್ದು. ಕ್ಯಾಮೆರಾಕ್ಕೂ ಇದೇ ನಿಯಮ.

ಪಾಸ್‌ವರ್ಡ್ 8 ಅಕ್ಷರಗಳಿದ್ದರೆ ಪೆಟ್ಟಿಗೆ ಒಪ್ಪುತ್ತದೆ, ಆದರೆ 15ಕ್ಕೆ ಕಡಿಮೆ ಇಡದಿರುವುದು ಲೇಸು. ಮಗನ ಹೆಸರು, ಮೊಬೈಲ್ ನಂಬರು, ಟ್ರ್ಯಾಕ್ಟರ್ ನಂಬರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಮಾತುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಕೂಡಿಸಿ ಬರೆದರೆ ನೆನಪೂ ಉಳಿಯುತ್ತದೆ, ಊಹಿಸಲೂ ಕಷ್ಟ. ಮರೆಯುವ ಭಯವಿದ್ದವರು ಚೀಟಿಯಲ್ಲಿ ಬರೆದು ಪಹಣಿಯ ಜೊತೆ ಕಪಾಟಿನಲ್ಲಿಡಬಹುದು. ಗೋಡೆಗೆ ಅಂಟಿಸಕೂಡದು. ಭದ್ರತೆಯ ವಿಧ ಕೇಳಿದಾಗ 'ಡಬ್ಲ್ಯೂ.ಪಿ.ಎ. 2' ಅಥವಾ '3' ಆರಿಸಬೇಕು. ಪೆಟ್ಟಿಗೆಯ ಹಿಂದಿನ ಸಣ್ಣ ರೀಸೆಟ್ ಗುಂಡಿಯನ್ನು ಸುಮ್ಮನೆ ಒತ್ತಬಾರದು. ಒತ್ತಿ ಹಿಡಿದರೆ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳಿ, ಅನೇಕ ವೇಳೆ ಸಂಪರ್ಕವೇ ಕಡಿದು, ಲೈನ್‌ಮನ್‌ನ ದಾರಿ ಕಾಯಬೇಕಾಗುತ್ತದೆ.

ನೆರೆಯವರು ವೈಫೈ ಬಳಸಿದರೆ ಬ್ಯಾಂಕಿನ ಹಣ ಹೋಗುತ್ತದೆಂಬುದು ಅತಿಯಾದ ಭಯ. ಆದರೆ ಅದರ ಮೂಲಕ ಯಾರಾದರೂ ಅಪರಾಧ ಎಸಗಿದರೆ, ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಬಂದುಹೋಗುವವರಿಗಾಗಿ ಹಲವು ರೂಟರುಗಳಲ್ಲಿ 'ಗೆಸ್ಟ್' ಎಂಬ ಪ್ರತ್ಯೇಕ ಸಂಪರ್ಕವಿರುತ್ತದೆ, ಅದನ್ನು ಕೊಡಬಹುದು.

ಮೊಬೈಲ್ ಸ್ಟಾರ್ಟರ್‌ನ ವಿಷಯ ಬೇರೆ. ಅದರೊಳಗಿನ ಸಿಮ್ ನಂಬರು ಯಾರಿಗಾದರೂ ಸಿಕ್ಕರೆ ರಾತ್ರಿ ಮೋಟಾರು ಓಡಿಸಿ, ನೀರಿಲ್ಲದ ಕೊಳವೆಬಾವಿಯಲ್ಲಿ ಅದು ಸುಡುವಂತೆಯೂ ಮಾಡಬಹುದು. ನೋಂದಾಯಿಸಿದ ನಂಬರಿನ ಕರೆಗಷ್ಟೇ ಚಾಲೂ ಆಗುವ ಸೌಲಭ್ಯ ಅನೇಕ ಮಾದರಿಗಳಲ್ಲಿದೆ. ಅಂಗಡಿಯವನಿಂದ ಕೇಳಿ ಮಾಡಿಸಿಕೊಳ್ಳಬೇಕು.

ಇಷ್ಟಾದರೂ ಬೇಲಿಯ ದೊಡ್ಡ ಕಂಡಿ ಮನುಷ್ಯನೇ. 'ಪಿ.ಎಂ. ಕಿಸಾನ್' ಹೆಸರಿನಲ್ಲಿ ವಾಟ್ಸಾಪಿಗೆ ಬರುವ 'ಎ.ಪಿ.ಕೆ.' ಕಡತವನ್ನು ಒತ್ತಿ ಅಳವಡಿಸಿದರೆ, ಫೋನಿಗೆ ಬರುವ ಓ.ಟಿ.ಪಿ. ಕಳ್ಳನ ಕೈಸೇರಬಹುದು. ಇಲ್ಲಿ ರೂಟರಿನ ಬೀಗ ಏನೂ ಮಾಡಲಾರದು. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಮನೆಯ ಹಿರಿಯರಿಗೂ ತಿಳಿಸಿಡಬೇಕು. ಹಣ ಹೋದದ್ದು ತಿಳಿದ ಕೂಡಲೇ, ನಾಚಿಕೆಪಟ್ಟು ತಡಮಾಡದೆ, 1930ಕ್ಕೆ ಕರೆಮಾಡಿ ಬ್ಯಾಂಕಿಗೂ ತಿಳಿಸತಕ್ಕದ್ದು. ಹಣ ಕಳ್ಳನ ಖಾತೆಯಿಂದ ಮುಂದೆ ಸಾಗುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯಲು ಸಾಧ್ಯವಿದೆ.