ಕುದಿಸಿದರೂ ಹೋಗದ ನೈಟ್ರೇಟು

ಬಾವಿಯ ನೀರನ್ನು ಕಾಯಿಸಿದರೆ ದೋಷವೆಲ್ಲ ಕಳೆಯುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರೋಗಾಣುಗಳ ಮಟ್ಟಿಗೆ ಇದು ದಿಟ. ನೈಟ್ರೇಟಿನ ವಿಷಯದಲ್ಲಿ ಫಲವು ತೀರ ವಿರುದ್ಧ.

ಬೀದರ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ, ಔರಾದಗಳ ಹೊಲಗಳಲ್ಲಿ ಕಪ್ಪು ಮಣ್ಣು, ಅದರಡಿ ಬಿರುಕುಗಳುಳ್ಳ ಕರಿಕಲ್ಲು. ತಿಪ್ಪೆ, ಬಚ್ಚಲಗುಂಡಿ, ಯೂರಿಯಾ ಇವುಗಳಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅದು ಮಳೆಯ ನೀರಿನೊಡನೆ ಇಳಿದು ಬಾವಿಗಳನ್ನು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತದ ಮಾನಕವು ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನಿಟ್ಟಿದೆ. ಜಿಲ್ಲೆಯ ಕೆಲವೆಡೆ ಅಂತರ್ಜಲವು ಇದನ್ನು ಮೀರಿದೆ.

ಹೆಚ್ಚಿನ ಅಪಾಯ ಆರು ತಿಂಗಳೊಳಗಿನ ಶಿಶುಗಳಿಗೆ. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ನೈಟ್ರೇಟು ದೇಹದಲ್ಲಿ ನೈಟ್ರೈಟಾಗಿ, ರಕ್ತವು ಆಮ್ಲಜನಕವನ್ನು ಒಯ್ಯಲಾರದಂತೆ ಮಾಡುತ್ತದೆ. ಮಗುವಿನ ಮೈ ನೀಲಿಗಟ್ಟುತ್ತದೆ. ಬಾವಿಯ ನೀರಿಗೂ ಈ ವ್ಯಾಧಿಗೂ ಇರುವ ಸಂಬಂಧವನ್ನು ಅಮೆರಿಕದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ತೋರಿಸಿಕೊಟ್ಟನು.

ಈಗ ಒಂದು ಲೆಕ್ಕ. ಲೀಟರಿಗೆ 90 ಮಿಲಿಗ್ರಾಂ ನೈಟ್ರೇಟಿರುವ 10 ಲೀಟರ್ ನೀರಿನಲ್ಲಿ ಒಟ್ಟು 900 ಮಿಲಿಗ್ರಾಂ ಇದೆಯಷ್ಟೆ. ಕುದಿಸುವಾಗ 1 ಲೀಟರ್ ಆವಿಯಾಗಿ ಹೋದರೂ ನೈಟ್ರೇಟು ಆವಿಯೊಡನೆ ಹೋಗದು. ಆ 900 ಮಿಲಿಗ್ರಾಂ ಉಳಿದ 9 ಲೀಟರಿನಲ್ಲಿಯೇ ನಿಂತು, ಲೀಟರಿಗೆ 100 ಆಗುತ್ತದೆ! ಪಟಿಕವೂ ಬಟ್ಟೆಯ ಸೋಸುವಿಕೆಯೂ ಇಲ್ಲಿ ನಿರರ್ಥಕ. ಶುದ್ಧ ಮಳೆನೀರನ್ನು ಸಮಪಾಲು ಬೆರೆಸಿದರೆ 90 ಇದ್ದುದು 45ಕ್ಕೆ ಇಳಿಯುತ್ತದೆ. ಆದರೂ ಮಿತಿಯ ಅಂಚಿನಲ್ಲಿರುವ ಈ ನೀರು ಶಿಶುವಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಆರ್.ಓ. ಯಂತ್ರವು ಬಹುಭಾಗ ನೈಟ್ರೇಟನ್ನು ತಡೆಯುತ್ತದೆ, ಆದರೆ ಅದು ಹೊರಬಿಡುವ ನೀರಿನಲ್ಲಿ ನೈಟ್ರೇಟು ಇನ್ನೂ ಸಾಂದ್ರವಾಗಿರುತ್ತದೆ. ಅದನ್ನು ಬಾವಿಯ ಬಳಿ ಚೆಲ್ಲಿದರೆ ಮತ್ತೆ ಬಾವಿಗೇ ಇಳಿಯುತ್ತದೆ.