ಆಹಾರದ ಬಣ್ಣ : ಕಾನೂನು ಮತ್ತು ಕರ್ತವ್ಯ

ಮಕರ ಸಂಕ್ರಮಣದ ಸುಮಾರಿಗೆ ಮಂಗಳೂರಿನ ಕದ್ರಿಯಲ್ಲಿ ಮಂಜುನಾಥ ದೇವರ ಜಾತ್ರೆ ಸೇರುತ್ತದೆ. ದೇವರ ದರ್ಶನ ಮುಗಿಸಿ ಹೊರಬಂದ ಮಕ್ಕಳ ಕಣ್ಣು ಮೊದಲು ಹರಿಯುವುದು ಮಿಠಾಯಿ ಅಂಗಡಿಗಳ ಕಡೆಗೆ. ಎಲ್ಲಿ ಬಣ್ಣ ಹೆಚ್ಚೋ ಅಲ್ಲಿ ಗುಂಪೂ ಹೆಚ್ಚು. ನಮ್ಮ ನಾಡಿನ ಯಾವ ಜಾತ್ರೆಗೆ ಹೋದರೂ ಕಾಣುವ ದೃಶ್ಯವಿದು. ಮಕ್ಕಳ ಈ ಆಸೆ ಸಹಜವಾದುದು, ಅದನ್ನು ತಪ್ಪೆನ್ನಲಾಗದು. ಆದರೆ ಆ ಬಣ್ಣ ಯಾವುದು, ಅದು ಎಲ್ಲಿಂದ ಬಂತು, ಅದನ್ನು ಹೊಟ್ಟೆಗೆ ಸೇರಿಸಬಹುದೇ ಎಂದು ಕೇಳುವ ಹೊಣೆ ಹಿರಿಯರದು. ಆ ಪ್ರಶ್ನೆಗೆ ವಿಜ್ಞಾನವೂ ಕಾನೂನೂ ನೀಡುವ ಉತ್ತರವನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ಪೂರ್ವೇತಿಹಾಸ

ಆಹಾರದ ಕಲಬೆರಕೆ ಇಂದಿನ ಪಿಡುಗೇನೂ ಅಲ್ಲ. 1820ರಲ್ಲಿಯೇ ಫ್ರೆಡರಿಕ್ ಅಕ್ಕಮ್ ಎಂಬ ರಸಾಯನಶಾಸ್ತ್ರಜ್ಞನು ಲಂಡನ್ ನಗರದ ತಿನಿಸುಗಳಲ್ಲಿ ಸೀಸ, ತಾಮ್ರ ಮೊದಲಾದವುಗಳ ವಿಷಲವಣಗಳು ಬಣ್ಣದ ರೂಪದಲ್ಲಿ ಸೇರುತ್ತಿರುವುದನ್ನು ಗ್ರಂಥಮುಖೇನ ಬಯಲಿಗೆಳೆದನು. 1858ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ಪಟ್ಟಣದಲ್ಲಿ ಸಕ್ಕರೆಯ ಖರ್ಚು ಉಳಿಸಲೆಂದು ಮಿಠಾಯಿಗೆ ಬೆರೆಸುತ್ತಿದ್ದ ಸುಣ್ಣದಂಥ ಪುಡಿಯ ಬದಲಿಗೆ ಕೈತಪ್ಪಿನಿಂದ ಪಾಷಾಣ ಸೇರಿತು; ಸುಮಾರು 20 ಜನ ಪ್ರಾಣ ಕಳೆದುಕೊಂಡರು. ಇಂತಹ ಅನಾಹುತಗಳ ಹಿನ್ನೆಲೆಯಲ್ಲಿ 1860ರಲ್ಲಿ ಆ ದೇಶದಲ್ಲಿ ಕಲಬೆರಕೆ ವಿರೋಧಿ ಕಾನೂನು ಬಂದಿತು.

ಅಂದು ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಆ ಆಧಿಪತ್ಯದಲ್ಲಿ 1918ರಲ್ಲಿ ಕಲಬೆರಕೆ ತಡೆ ಕಾನೂನು ರಚಿತವಾಯಿತು. ಒಂದೊಂದು ಪ್ರಾಂತಕ್ಕೂ ಒಂದೊಂದು ಕಾನೂನೆಂಬ ಈ ವ್ಯವಸ್ಥೆ ಸ್ವಾತಂತ್ರ್ಯಾನಂತರ ಕೊನೆಗೊಂಡು, 1954ರ ಆಹಾರ ಕಲಬೆರಕೆ ತಡೆ ಅಧಿನಿಯಮವು 1955ರ ಜೂನ್ 1ರಿಂದ ಜಾರಿಗೆ ಬಂದಿತು. ಅರ್ಧ ಶತಮಾನದ ಬಳಿಕ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು ಅದರ ಸ್ಥಾನವನ್ನು ಆಕ್ರಮಿಸಿತು. ಇದರ ನಿಬಂಧನೆಗಳು 2011ರ ಆಗಸ್ಟ್ 5ರಿಂದ ಜಾರಿಯಾದವು. ಹಳೆಯ ಕಾನೂನಿನ ದೃಷ್ಟಿ ಮುಖ್ಯವಾಗಿ ಕಲಬೆರಕೆಯ ಮೇಲಿತ್ತು. ಹೊಸದರ ದೃಷ್ಟಿ ತಯಾರಿಕೆಯಿಂದ ಮಾರಾಟದವರೆಗಿನ ಸುರಕ್ಷತೆಯ ಮೇಲಿದೆ. ಇವೆರಡರ ನಡುವಣ ಅಂತರವನ್ನು ಗಮನಿಸುವುದು ಅವಶ್ಯಕ.

ಕರ್ನಾಟಕದ ಅನುಭವ

2024ರ ಆರಂಭದಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿತು. ಅವುಗಳಲ್ಲಿ 107 ಮಾದರಿಗಳು ಕೃತಕ ಬಣ್ಣದ ದೆಸೆಯಿಂದ ಅಸುರಕ್ಷಿತವೆಂದು ಕಂಡುಬಂದವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಸಿಕ್ಕ ಬಣ್ಣಗಳಲ್ಲಿ ರೋಡಮೈನ್-ಬಿ ಎಂಬುದೂ ಇತ್ತು. ಇದು ಬಟ್ಟೆ, ಕಾಗದ ಮೊದಲಾದವುಗಳಿಗೆ ಹಾಕುವ ಗುಲಾಬಿ ಬಣ್ಣ. ಆಹಾರದಲ್ಲಿ ಇದಕ್ಕೆ ಸ್ಥಾನವೇ ಇಲ್ಲ. ಅದೇ ವರ್ಷದ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಈ ತಿನಿಸುಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಜೂನ್ ತಿಂಗಳಲ್ಲಿ ಕಬಾಬ್‌ಗಳ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ತಿಳಿದ ಮೇಲೆ ಅವುಗಳಿಗೂ ನಿಷೇಧ ವಿಸ್ತರಿಸಿತು. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ನಿಷೇಧಿಸಲ್ಪಟ್ಟದ್ದು ಬಣ್ಣವೇ ಹೊರತು ತಿನಿಸಲ್ಲ. ಬಣ್ಣವಿಲ್ಲದ ಬಿಳಿಯ ಬಾಂಬೆ ಮಿಠಾಯಿಯನ್ನು ಮಾರಲು ಅಡ್ಡಿಯಿಲ್ಲ.

ವಿಷವೆಂದರೇನು, ಮಿತಿಯೆಂದರೇನು

ರೋಡಮೈನ್-ಬಿ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿ ಸಿದ್ಧವಾಗಿದೆಯೇ? ಇಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ಇದನ್ನು ನಿರ್ಣಯಿಸಲು ಪುರಾವೆ ಸಾಲದ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಾತ್ರ ಕೆಡುಕಿನ ಲಕ್ಷಣಗಳು ಕಂಡಿವೆ. ಹಾಗಾದರೆ ನಿಷೇಧವೇಕೆಂದು ಕೆಲವರು ಕೇಳಬಹುದು. ಆಹಾರ ಕಾನೂನಿನ ಮೂಲತತ್ತ್ವ ಇರುವುದೇ ಇಲ್ಲಿ. ಕೆಡುಕು ಸಿದ್ಧವಾಗುವವರೆಗೆ ತಿನ್ನಿಸಬಹುದೆಂದು ಅದು ಹೇಳುವುದಿಲ್ಲ. ಸುರಕ್ಷಿತವೆಂದು ಸಿದ್ಧವಾದ ಮೇಲೆಯೇ ಸೇರಿಸಬೇಕೆಂದು ಹೇಳುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಹೆಸರಿಲ್ಲದ ಬಣ್ಣ ತಾನಾಗಿಯೇ ನಿಷಿದ್ಧ.

ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಪಡೆದ ಕೃತಕ ಬಣ್ಣಗಳು ಎಂಟು. ಕೆಂಪಿಗೆ ಪಾನ್ಸೊ 4 ಆರ್, ಕಾರ್ಮೊಯ್ಸಿನ್, ಎರಿತ್ರೊಸಿನ್. ಹಳದಿಗೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ. ನೀಲಿಗೆ ಇಂಡಿಗೊ ಕಾರ್ಮಿನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಇವುಗಳನ್ನಾದರೂ ಎಲ್ಲ ಆಹಾರಕ್ಕೂ ಹಾಕುವಂತಿಲ್ಲ. ಗೊತ್ತುಪಡಿಸಿದ ತಿನಿಸುಗಳಿಗೆ, ಗೊತ್ತುಪಡಿಸಿದ ಪ್ರಮಾಣದಲ್ಲಿ ಮಾತ್ರ ಹಾಕಬೇಕು. ಈ ಪ್ರಮಾಣ ಸಾಮಾನ್ಯವಾಗಿ ಒಂದು ಕಿಲೋಗ್ರಾಂ ಆಹಾರಕ್ಕೆ 100 ಮಿಲಿಗ್ರಾಂ ಮೀರದು.

ಮಿತಿಯ ಅರ್ಥವನ್ನು ತರಗತಿಯಲ್ಲಿ ಒಂದು ಸರಳ ಲೆಕ್ಕದಿಂದ ತಿಳಿಸಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಸನ್‌ಸೆಟ್ ಯೆಲ್ಲೊ ಬಣ್ಣಕ್ಕೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 4 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು 2011ರಲ್ಲಿ ವಿಧಿಸಿತು. 20 ಕಿಲೋಗ್ರಾಂ ತೂಗುವ ಮಗುವಿಗೆ ಇದು 80 ಮಿಲಿಗ್ರಾಂ ಆಯಿತು. ಕಿಲೋವಿಗೆ 100 ಮಿಲಿಗ್ರಾಂ ಬಣ್ಣವಿರುವ ತಿನಿಸಾದರೆ ಆ ಮಗು 800 ಗ್ರಾಂ ತಿಂದಾಗ ಮಿತಿಯನ್ನು ಮುಟ್ಟುತ್ತದೆ. ಆದರೆ ತಕ್ಕಡಿಯಿಲ್ಲದೆ, ಚಿಟಿಕೆಯ ಅಂದಾಜಿನಿಂದ ಅದರ ಹತ್ತರಷ್ಟು ಬಣ್ಣ ಹಾಕಿದರೆ ಕೇವಲ 80 ಗ್ರಾಂ ತಿನಿಸಿನಲ್ಲಿಯೇ ಮಿತಿ ತುಂಬಿಹೋಗುತ್ತದೆ. ಅನುಮತಿಯುಳ್ಳ ಬಣ್ಣವೂ ಅಳತೆ ತಪ್ಪಿದರೆ ಅಪಾಯವೇ; ದೊಡ್ಡವರಿಗಿಂತ ಮಕ್ಕಳಿಗೆ ಆ ಅಪಾಯ ಬೇಗ ಒದಗುತ್ತದೆ.

ಇನ್ನು ಬೀದಿಬದಿಯ ವ್ಯಾಪಾರಿಯನ್ನು ಮಾತ್ರ ದೂಷಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಚೀಟಿಯಿಲ್ಲದ ಪೊಟ್ಟಣದಲ್ಲಿ ಅಗ್ಗವಾಗಿ ಸಿಕ್ಕ ಬಣ್ಣವನ್ನು ಅವನು ಕೊಳ್ಳುತ್ತಾನೆ. ಅದರ ಹೆಸರು ಅವನಿಗೂ ತಿಳಿಯದು. ಕೆಂಪಿಲ್ಲದ ಗೋಬಿಯನ್ನು ಗಿರಾಕಿ ಕೊಳ್ಳುವುದಿಲ್ಲವೆಂಬುದಷ್ಟೇ ಅವನಿಗೆ ಗೊತ್ತು. ಅಂದಮೇಲೆ ನಮ್ಮ ಕಣ್ಣಿನ ಚಪಲಕ್ಕೂ ಈ ಅಪರಾಧದಲ್ಲಿ ಪಾಲಿದೆ. ಕೆಂಪೇ ಬೇಕೆಂದರೆ ನಮ್ಮ ನಾಡಿನಲ್ಲಿ ಅದಕ್ಕೆ ಬಡತನವೇ? ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಹೆಸರಾದುದು. ಕರಾವಳಿಯ ಮನೆಮನೆಯ ಪುನರ್ಪುಳಿ ಪಾನಕದ ಕೆಂಪಿಗೆ ಯಾವ ಕಾರ್ಖಾನೆಯ ನೆರವೂ ಬೇಡ.

ಚೀಟಿಯನ್ನು ಓದುವ ವಿದ್ಯೆ

ಪೊಟ್ಟಣದ ಮೇಲಿನ ಚೀಟಿಯು ತಯಾರಕನು ಗ್ರಾಹಕನಿಗೆ ಬರೆದುಕೊಟ್ಟ ವಾಗ್ದಾನಪತ್ರ. 2020ರ ನಿಬಂಧನೆಗಳ ಪ್ರಕಾರ ಅದರಲ್ಲಿ ಆಹಾರದ ಹೆಸರು, ಘಟಕಗಳ ಪಟ್ಟಿ, ಪೋಷಕಾಂಶಗಳ ವಿವರ, ತಯಾರಿಸಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ತಯಾರಕರ ವಿಳಾಸ, 14 ಅಂಕಿಗಳ ಪರವಾನಗಿ ಸಂಖ್ಯೆ ಇವು ಇರತಕ್ಕದ್ದು. ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಹಣ್ಣಿನ ಚಿತ್ರವಿರುವ ಪೊಟ್ಟಣದ ಪಟ್ಟಿಯಲ್ಲಿ ಸಕ್ಕರೆ ಮೊದಲು ಬಂದು ಹಣ್ಣು ಕೊನೆಗೆ ಬಂದಿದ್ದರೆ ನಾವು ಕೊಳ್ಳುತ್ತಿರುವುದು ಸಕ್ಕರೆಯನ್ನೇ. ಸಸ್ಯಾಹಾರಕ್ಕೆ ಚೌಕದೊಳಗೆ ಹಸಿರು ವೃತ್ತದ ಗುರುತಿರುತ್ತದೆ.

ಸೇರ್ಪಡೆಗಳನ್ನು ಅಂತರರಾಷ್ಟ್ರೀಯ ಸಂಖ್ಯೆಗಳಿಂದ ಸೂಚಿಸುವುದುಂಟು. 102 ಎಂದರೆ ಟಾರ್ಟ್ರಜಿನ್, 110 ಎಂದರೆ ಸನ್‌ಸೆಟ್ ಯೆಲ್ಲೊ, 211 ಎಂದರೆ ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್, 330 ಎಂದರೆ ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲ, 100 ಎಂದರೆ ಅರಿಶಿನದ ಕರ್ಕ್ಯುಮಿನ್. ಸಂಖ್ಯೆ ಕಂಡೊಡನೆ ವಿಷವೆಂದು ಬೆದರಬೇಕಿಲ್ಲವೆಂಬುದು ಇದರಿಂದಲೇ ತಿಳಿಯುವುದು.

ಆದರೆ ಈ ವಾಗ್ದಾನಪತ್ರದ ಭಾಷೆ ಯಾವುದು? ನಿಬಂಧನೆಯಂತೆ ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇದ್ದರೆ ಸಾಕು. ಇತರ ಭಾಷೆಗಳನ್ನು ಜೊತೆಗೆ ಬಳಸಬಹುದು, ಕಡ್ಡಾಯವಿಲ್ಲ. ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಆ ಚೀಟಿ ಇದ್ದೂ ಇಲ್ಲದಂತೆಯೇ. ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ವಿಧಿಸಿರುವುದು ಸ್ವಾಗತಾರ್ಹ. ಆದರೂ ಘಟಕಗಳ ಪಟ್ಟಿಯನ್ನು ಮನೆಯಲ್ಲಿ ಓದಿ ತಿಳಿಸುವ ಕೆಲಸ ಸದ್ಯಕ್ಕೆ ನಮ್ಮ ವಿದ್ಯಾರ್ಥಿಗಳ ಪಾಲಿಗೇ ಬಂದಿದೆ. ಅದನ್ನು ಅವರಿಗೆ ಕಲಿಸಬೇಕಾದವರು ನಾವು.

ಶಾಲೆ ಮಾಡಬಹುದಾದುದು

ಕೆಲವು ಪರೀಕ್ಷೆಗಳನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಮಾಡಬಹುದು. ನೀರಿನಲ್ಲಿ ಅಥವಾ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ರಾಗಿಯನ್ನು ಉಜ್ಜಿದಾಗ ಹತ್ತಿ ಕೆಂಪಾದರೆ ರೋಡಮೈನ್-ಬಿ ಹಚ್ಚಿರುವ ಸಂಶಯ ಹುಟ್ಟುತ್ತದೆ. ಒಂದು ಲೋಟ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿದಾಗ ಬಣ್ಣದ ಎಳೆಗಳು ಕೆಳಗಿಳಿದರೆ ಕೃತಕ ಬಣ್ಣವಿರಬಹುದು. ಹಾಲಿಗೆ ಅಯೋಡಿನ್ ಹನಿಸಿದಾಗ ನೀಲಿಯಾದರೆ ಪಿಷ್ಟ ಬೆರೆತಿದೆ. ಇವು ಸಂಶಯಕ್ಕೆ ದಾರಿಯೇ ಹೊರತು ತೀರ್ಪಲ್ಲ. ತೀರ್ಪು ಕೊಡತಕ್ಕವನು ಆಹಾರ ವಿಶ್ಲೇಷಕ. ಅವನ ವರದಿಯನ್ನು ಪ್ರಶ್ನಿಸಿದಾಗ ಮಾದರಿಯು ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಅಂತಹ ಪ್ರಯೋಗಾಲಯಗಳಲ್ಲೊಂದೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಕೊಂಡ ಪದಾರ್ಥವನ್ನು ಶುಲ್ಕ ತೆತ್ತು ವಿಶ್ಲೇಷಕನಿಂದ ಪರೀಕ್ಷೆ ಮಾಡಿಸುವ ಹಕ್ಕು ಸಾಮಾನ್ಯ ಗ್ರಾಹಕನಿಗೂ ಇದೆ. ಆದರೆ ಕೊಳ್ಳುವಾಗಲೇ ಆ ಉದ್ದೇಶವನ್ನು ವ್ಯಾಪಾರಿಗೆ ತಿಳಿಸಬೇಕು. ಶಾಲೆಗಳಿಗೆ ಸಂಬಂಧಿಸಿದ 2020ರ ನಿಬಂಧನೆಗಳು ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಬಾಗಿಲಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರಕೂಡದೆಂದು ವಿಧಿಸಿವೆ.

ಕೊನೆಯದಾಗಿ ದಾನಿಗಳಲ್ಲಿ ಒಂದು ಅರಿಕೆ. ಮಠದ ಪ್ರಸಾದನಿಲಯಗಳಲ್ಲಿ ಉಣ್ಣುವ ಮಕ್ಕಳು ಬಡಿಸಿದ್ದನ್ನು ಪ್ರಶ್ನಿಸುವುದಿಲ್ಲ, ನಂಬಿ ಕೈಯೊಡ್ಡುತ್ತಾರೆ. ಅಂಗಡಿಯ ಗಿರಾಕಿಗಾದರೂ ಬೇಡವೆಂದು ಹೋಗುವ ಸ್ವಾತಂತ್ರ್ಯವಿದೆ. ಪಂಕ್ತಿಯಲ್ಲಿ ಕುಳಿತ ಮಗುವಿಗೆ ಅದಿಲ್ಲ. ಆದ್ದರಿಂದ ದಾಸೋಹದ ಅಡುಗೆಮನೆಯಲ್ಲಿ ಕಾನೂನಿಗಿಂತ ಒಂದು ಹಿಡಿ ಹೆಚ್ಚಿನ ಎಚ್ಚರ ಇರಬೇಕು. ಹುಟ್ಟುಹಬ್ಬ, ಪುಣ್ಯತಿಥಿಗಳಿಗೆ ಸಿಹಿ ಕೊಡುವವರು ಕಣ್ಣು ಕುಕ್ಕುವ ಬಣ್ಣದ ಮಿಠಾಯಿಯ ಬದಲು ಬೆಲ್ಲದ ಪಾಯಸಕ್ಕೋ ಹಣ್ಣಿಗೋ ನೆರವಾಗಲಿ. ಎಣ್ಣೆ, ಬೇಳೆ, ಮಸಾಲೆ ಪುಡಿಗಳನ್ನು ಕೊಡುವವರು ಚೀಟಿಯುಳ್ಳ ಪೊಟ್ಟಣಗಳನ್ನೇ ಕೊಡಲಿ. ಬಿಡಿಯಾಗಿ ಮಾರುವ ಸಿಹಿತಿಂಡಿಗಳಿಗೂ ಎಷ್ಟು ದಿನದೊಳಗೆ ತಿನ್ನಬೇಕೆಂಬ ದಿನಾಂಕವನ್ನು ಅಂಗಡಿಯಲ್ಲಿ ತೋರಿಸಬೇಕೆಂಬ ಆದೇಶ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಕೊಳ್ಳುವ ಮುನ್ನ ಅದನ್ನು ನೋಡುವ ರೂಢಿ ಬೆಳೆಯಲಿ.

ಕಾಯಕದ ಹಣದಿಂದ ಬಂದ ಅನ್ನವು ಶುದ್ಧವೆಂದು ನಂಬಿದ ಪರಂಪರೆ ನಮ್ಮದು. ಹಣವು ಶುದ್ಧವಾದಂತೆ ತಟ್ಟೆಯಲ್ಲಿರುವ ವಸ್ತುವೂ ಶುದ್ಧವಾಗಿರಬೇಕು. ಮುಂದಿನ ಜಾತ್ರೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಮಿಠಾಯಿಗೆ ಕೈಚಾಚುವ ಮೊದಲು "ಅಣ್ಣಾ, ಇದಕ್ಕೆ ಯಾವ ಬಣ್ಣ ಹಾಕಿದ್ದೀರಿ?" ಎಂದು ವಿನಯದಿಂದ ಕೇಳಿದರೆ ಈ ಪಾಠ ಸಾರ್ಥಕವಾದಂತೆ.